ಇಂಗ್ಲೆಂಡಿಗೆ ಮಕ್ಕಳ ಮನೆಗೆ ಹೋಗೋ ಅಪ್ಪ ಅಮ್ಮಂದಿರು ಒಂದು ಸೈಕಲ್ ಹುಡುಕ್ಕೊಳಿ

ಸಂಪಾದಕರಿಗೆ ನಮಸ್ಕಾರ.

ಹೋದ ಭಾನುವಾರದ ಪುರವಣಿಲಿ ಏಳು ದಿನದಲ್ಲಿ ಇಂಗ್ಲೆಂಡ್ ನೋಡೋದು ಹೆಂಗೆ ಅಂತ ಒಂದು ಲೇಖನ ಹಾಕಿದ್ರಲ್ಲ, ಅದ್ರ ಬಗ್ಗೆ ಎರಡು ಮಾತು ಹೇಳ್ಬೇಕು. ಲಂಡನ್ ಸೇತುವೆ, ಮೇಣದ ಗೊಂಬೆ, ಸ್ಟೋನ್‌ಹೆಂಜ್, ಬಾತ್, ಆಮೇಲೆ ಹಳ್ಳಿ ನೋಡ್ಬೇಕು ಅನ್ನೋರಿಗೆ ಕಾಟ್ಸ್‌ವೋಲ್ಡ್ಸ್ ಕಡೆ ಬೈಬರಿ ಅನ್ನೋ ಊರಲ್ಲಿ ಬಸ್ಸಿಳಿದು ಆ ಹಳೇ ಮನೆ ಸಾಲಿನ ಮುಂದೆ ನಿಂತು ಫೋಟೋ ತೆಗೆಸ್ಕೊಂಡು ಬನ್ನಿ ಅಂತ ಬರೆದಿದ್ದಾರೆ. ಅಷ್ಟು ದುಡ್ಡು ಖರ್ಚು ಮಾಡ್ಕೊಂಡು ಹೋದೋರು ಇವನ್ನೆಲ್ಲ ನೋಡೋದ್ರಲ್ಲಿ ತಪ್ಪೇನಿಲ್ಲ ಬಿಡಿ. ಆದ್ರೆ ಬೈಬರಿಲಿ ಟೂರಿಸ್ಟ್ ಬಸ್ಸುಗಳ ಕಾಟಕ್ಕೆ ಅಲ್ಲಿನ ಜನರೇ ರೋಸಿಹೋಗಿದ್ದಾರೆ, ಆ ಸಣ್ಣ ರಸ್ತೆಲಿ ಬಸ್ಸು ತಿರುಗಿಸೋದೇ ಒಂದು ಸರ್ಕಸ್ಸು, ಅದನ್ನ ನೋಡ್ಬಿಟ್ಟು ಇಂಗ್ಲೆಂಡಿನ ಹಳ್ಳಿ ನೋಡಿದ್ವಿ ಅಂದ್ರೆ ಮೈಸೂರು ದಸರಾ ಮೆರವಣಿಗೆಲಿ ನಿಂತು ಮೈಸೂರು ಎಷ್ಟು ನಿಶ್ಶಬ್ದವಾದ ಊರು ಅಂದಂಗೆ.

ನಿಮ್ಮ ಪತ್ರಿಕೆ ಓದೋರಲ್ಲಿ ಇಂಗ್ಲೆಂಡಿಗೆ ಹೋಗೋರು ಯಾರು ಅಂತ ಸ್ವಲ್ಪ ಯೋಚ್ನೆ ಮಾಡಿ. ಪ್ಯಾಕೇಜ್ ಟೂರಲ್ಲಿ ಹೋಗೋರು ಒಂದಷ್ಟು ಜನ ಇರ್ಬೋದು, ಆದ್ರೆ ನಾ ಕಂಡಂಗೆ ಹೆಚ್ಚಿನೋರು ನಮ್ಮಂಥ ರಿಟೈರ್ ಆದೋರು, ಅಲ್ಲಿ ಕೆಲಸದಲ್ಲಿರೋ ಮಗನ ಮನೆಗೋ ಮಗಳ ಮನೆಗೋ ಹೋಗೋರು. ವಿಸಿಟರ್ ವೀಸಾದಲ್ಲಿ ಆರು ತಿಂಗಳವರೆಗೂ ಇರ್ಬೋದು. ಮಕ್ಕಳು ಪಾಪ ಮೊದಲ ಒಂದೆರಡು ವೀಕೆಂಡು ಲಂಡನ್ನು ಗಿಂಡನ್ನು ಎಲ್ಲ ಸುತ್ತಿಸ್ತಾರೆ, ಆಮೇಲೆ ಅವರ ಪಾಡಿಗೆ ಅವರು ಕೆಲಸಕ್ಕೆ, ಮೊಮ್ಮಗು ಸ್ಕೂಲಿಗೆ, ನಾವು ಸೋಫಾ ಮೇಲೆ. ಊರಲ್ಲಿ ಈಗ ಎಷ್ಟು ಗಂಟೆ ಅಂತ ಲೆಕ್ಕ ಹಾಕಿ ತಮ್ಮನಿಗೆ ಫೋನು, ಮೊಬೈಲಲ್ಲಿ ನ್ಯೂಸು, ಕಿಟಕಿಲಿ ಎದುರುಮನೆ ಬೆಕ್ಕು, ಸಂಜೆ ಒಂದು ರೌಂಡು ಸೂಪರ್‌ಮಾರ್ಕೆಟ್ಟು. ಆರು ತಿಂಗಳು ಇದ್ದು ಬಂದು, ಹೆಂಗಿತ್ತು ಇಂಗ್ಲೆಂಡು ಅಂತ ಕೇಳಿದ್ರೆ ಚಳಿ ಅನ್ನೋದು ಬಿಟ್ಟು ಬೇರೇನೂ ಹೇಳಕ್ಕೆ ಬರ್ದೇ ಇರೋ ಜನ ನಮ್ಮ ಬೀದೀಲೇ ಇದ್ದಾರೆ. ಅಂಥೋರಿಗೋಸ್ಕರ ಈ ಪತ್ರ. ಕಾರು ಬೇಡ, ಡ್ರೈವಿಂಗ್ ಲೈಸೆನ್ಸ್ ಬೇಡ, ಮಕ್ಕಳಿಗೆ ರಜ ಸಿಗ್ಲಿ ಅಂತ ಕಾಯೋದೂ ಬೇಡ, ಒಂದು ಸೈಕಲ್ ಸಾಕು.

ನಂದು ತಿಪಟೂರು. ಪಿಡಬ್ಲ್ಯುಡಿಲಿ ರೋಡ್ ಕೆಲಸ ಮಾಡಿಸ್ಕೊಂಡು ರಿಟೈರ್ ಆದೋನು. ಮಗಳು ಇರೋದು ನಾರ್ವಿಚ್ ಅಂತ, ಲಂಡನ್ನಿಂದ ಈಶಾನ್ಯಕ್ಕೆ, ರೈಲಲ್ಲಿ ಎರಡು ಗಂಟೆ ಹತ್ತತ್ರ. ನಾರ್ಫಕ್ ಅನ್ನೋ ಕೌಂಟಿ ಅದು. ಹೆಚ್ಚಾಗಿ ಬಯಲು, ಇಡೀ ಕೌಂಟಿಲಿ ಅತಿ ಎತ್ತರದ ಗುಡ್ಡ ಅಂದ್ರೆ ಸಮುದ್ರ ಮಟ್ಟದಿಂದ ನೂರು ಮೀಟರ್ ಚಿಲ್ಲರೆ, ಇಂಗ್ಲೆಂಡಲ್ಲಿ ಕಮ್ಮಿ ಮಳೆ ಬೀಳೋ ಜಾಗಗಳಲ್ಲಿ ಅದೂ ಒಂದು. ಅಂದ್ರೆ ವಯಸ್ಸಾದೋರು ಸೈಕಲ್ ಹೊಡಿಯಕ್ಕೆ ಇದಕ್ಕಿಂತ ಒಳ್ಳೆ ಜಾಗ ಸಿಗೋದು ಕಷ್ಟ. ಹಂಗಂತ ಟೇಬಲ್ ಥರ ಚಪ್ಪಟೆ ಅನ್ಕೋಬೇಡಿ, ಸಣ್ಣ ಸಣ್ಣ ಏರು ಬರ್ತಾನೇ ಇರುತ್ತೆ, ಗಾಳಿ ಎದುರಿಗಿದ್ರಂತೂ ಏರೇ ಬೇಕಿಲ್ಲ.

ಸೈಕಲ್ ಸಿಕ್ಕಿದ್ದು ಪಕ್ಕದ್ಮನೆ ಅಜ್ಜನ ಶೆಡ್ಡಲ್ಲಿ. ಹಸಿರು ಬಣ್ಣದ ಹಳೇ ರ‍್ಯಾಲಿ, ಹಿಂದಿನ ಚಕ್ರದ ಹಬ್ ಒಳಗೇ ಮೂರು ಗೇರು, ಸ್ಟರ್ಮಿ ಆರ್ಚರ್ ಅಂತ ಅದ್ರ ಮೇಲೆ ಕೊರೆದಿದೆ, 1902ರಿಂದ ನಾಟಿಂಗ್‌ಹ್ಯಾಮಲ್ಲಿ ಮಾಡ್ತಿದ್ದ ಮಾಲು. ನೋಡಿದ ತಕ್ಷಣ ನಂಗೆ ನಗು ಬಂತು. ನಾವು ಚಿಕ್ಕೋರಿದ್ದಾಗ ಬಾರ್ ಕೆಳಗೆ ಕಾಲು ತೂರಿಸಿ ಒಳಪೆಡ್ಲು ಹೊಡೀತಿದ್ದ ಸೈಕಲ್‌ಗಳ ಹೆಸರೆಲ್ಲ ಎಲ್ಲಿಂದ ಬಂದಿದ್ದು ಅಂತೀರಿ? ರ‍್ಯಾಲಿ ನಾಟಿಂಗ್‌ಹ್ಯಾಮಿಂದು. ಹರ್ಕ್ಯುಲಿಸ್ಸು, ಬಿಎಸ್ಎ, ಫಿಲಿಪ್ಸು ಎಲ್ಲ ಬರ್ಮಿಂಗ್‌ಹ್ಯಾಮಿಂದು, ಬಿಎಸ್ಎ ಅಂದ್ರೆ ಬರ್ಮಿಂಗ್‌ಹ್ಯಾಮ್ ಸ್ಮಾಲ್ ಆರ್ಮ್ಸ್, ಬಂದೂಕು ಮಾಡ್ತಿದ್ದ ಕಂಪನಿ. 1949ರಲ್ಲಿ ಮದ್ರಾಸಲ್ಲಿ ಟಿಐ ಸೈಕಲ್ಸ್ ಶುರುವಾದ್ಮೇಲೆ ಹರ್ಕ್ಯುಲಿಸ್ ನಮ್ಮ ಕಡೆ ಹಾಲಿನೋನು, ಪೋಸ್ಟ್‌ಮ್ಯಾನು, ಮೇಷ್ಟ್ರು ಎಲ್ಲರ ಗಾಡಿ ಆಯ್ತು. ಈಗ ನೋಡಿದ್ರೆ ನಾಟಿಂಗ್‌ಹ್ಯಾಮಲ್ಲೇ ರ‍್ಯಾಲಿ ಮಾಡೋದು ನಿಲ್ಸಿ ಇಪ್ಪತ್ತು ವರ್ಷದ ಮೇಲಾಯ್ತು. ಅಜ್ಜ ಸೈಕಲ್ ಸುಮ್ನೆ ಕೊಡಲ್ಲ, ಬ್ರೇಕ್ ಕಟ್ಟೆ ಹಾಕ್ಸಿ ಚೈನಿಗೆ ಎಣ್ಣೆ ಬಿಡ್ಸಿ ನನ್ನನ್ನ ಬೀದಿಲಿ ಮೂರು ಸುತ್ತು ಹೊಡೆಸಿ ನೋಡಿ ಆಮೇಲೆ ಕೊಟ್ರು.

ಮೊದಲು ರೋಡ್ ವಿಷಯ ಹೇಳ್ಬಿಡ್ತೀನಿ, ಅದು ನನ್ನ ಕಸುಬು. ನಾರ್ಫಕ್ ಹಳ್ಳಿ ರೋಡು ಅಂದ್ರೆ ಒಂದು ಕಾರು ಹೋಗುವಷ್ಟು ಅಗಲ, ಎರಡೂ ಕಡೆ ಮುಳ್ಳುಗಿಡದ ಬೇಲಿ, ಬೇಲಿಗೂ ಡಾಂಬರಿಗೂ ನಡುವೆ ಹುಲ್ಲಿನ ಅಂಚು. ಎದುರಿಂದ ಗಾಡಿ ಬಂದ್ರೆ ತಪ್ಪಿಸ್ಕೊಳಕ್ಕೆ ಅಲ್ಲಲ್ಲಿ ರೋಡ್ ಸ್ವಲ್ಪ ಅಗಲ ಮಾಡಿರ್ತಾರೆ. ಮೇಲಿನ ಪದರ ಹೆಚ್ಚು ಕಡೆ ನಮ್ಮ ಸರ್ಫೇಸ್ ಡ್ರೆಸ್ಸಿಂಗೇ, ಬಿಸಿ ಡಾಂಬರು ಸಿಂಪಡಿಸಿ ಸಣ್ಣ ಜಲ್ಲಿ ಹರಡಿ ರೋಲರ್ ಹೊಡೆಯೋದು, ಹೊಸದಾಗಿ ಮಾಡಿದ ಕಡೆ ಸೈಕಲ್ ಸರಕ್ಕಂತ ಜಾರುತ್ತೆ ಹುಷಾರು. ಆದ್ರೆ ನಾನು ಸೈಕಲ್ ನಿಲ್ಸಿ ಕೂತ್ಕೊಂಡು ನೋಡಿದ್ದು ನೀರು ಹೋಗೋ ದಾರಿನ. ಹುಲ್ಲಿನ ಅಂಚಿನಲ್ಲಿ ಹತ್ತಿಪ್ಪತ್ತು ಹೆಜ್ಜೆಗೊಂದು ಗೇಣಗಲದ ಕಾಲುವೆ ಕಡಿದಿದ್ದಾರೆ, ಓರೆಯಾಗಿ, ರೋಡ್ ಮೇಲಿನ ನೀರು ಅದ್ರಲ್ಲಿ ಹಾದು ಬೇಲಿ ಆಚೆ ಇರೋ ಹಳ್ಳಕ್ಕೆ ಇಳಿಯುತ್ತೆ. ಕಾಂಕ್ರೀಟ್ ಇಲ್ಲ, ಕಲ್ಲಿಲ್ಲ, ಸನಿಕೆಲಿ ತೆಗೆದಿರೋ ಗೀರು ಅಷ್ಟೇ. ಮಣ್ಣು ತುಂಬ್ಕೊಂಡ್ರೆ ಮತ್ತೆ ಕೆರೆದು ಬಿಡ್ಸೋದು. ಎಲ್ಲಿ ಅದನ್ನ ಬಿಡ್ಸಿಲ್ವೋ ಅಲ್ಲಿ ಅಂಚು ಕಿತ್ತೋಗಿದೆ, ಗುಂಡಿ ಬಿದ್ದಿದೆ. ಅಲ್ಲೂ ಗುಂಡಿ ಇದೆ ರೀ, ಬೇಕಾದಷ್ಟಿದೆ, ಅಲ್ಲಿನ ಪೇಪರಲ್ಲೂ ಇದೇ ಗೋಳು. ನಾವು ಕೋಟಿಗಟ್ಲೆ ಸುರಿದು ರೋಡ್ ಮಾಡಿ ಪಕ್ಕದಲ್ಲಿ ನೀರು ಹೋಗಕ್ಕೆ ಜಾಗ ಬಿಡ್ದೇ ಇರೋರು, ಅದ್ರ ಮುಂದೆ ಈ ಗೀರು ಕಾಲುವೆ ಏನೂ ಖರ್ಚಿಲ್ಲದ ಕೆಲಸ, ನಮ್ಮ ಈಗಿನ ಹುಡುಗ ಇಂಜಿನಿಯರ್‌ಗಳು ನೋಡ್ಬೇಕು.

ಇನ್ನೊಂದು ವಿಷಯ ನಂಗೆ ಅಲ್ಲಿ ಹೋದ್ಮೇಲೆ ಗೊತ್ತಾಗಿದ್ದು, ರೋಡ್ ಸುಧಾರಿಸಿ ಅಂತ ಅಲ್ಲಿ ಮೊದಲು ಗಲಾಟೆ ಮಾಡಿದೋರು ಕಾರಿನೋರಲ್ಲ, ಸೈಕಲ್‌ನೋರು. 1878ರಲ್ಲಿ ಹ್ಯಾರೊಗೇಟ್ ಅನ್ನೋ ಊರಲ್ಲಿ ಒಂದು ಬೈಸಿಕಲ್ ಟೂರಿಂಗ್ ಕ್ಲಬ್ ಶುರು ಮಾಡಿದ್ರು, ಅದೇ ಆಮೇಲೆ ಸೈಕ್ಲಿಸ್ಟ್ಸ್ ಟೂರಿಂಗ್ ಕ್ಲಬ್ ಆಯ್ತು, ಈಗ ಸೈಕ್ಲಿಂಗ್ ಯುಕೆ ಅಂತಾರೆ. 1886ರಲ್ಲಿ ಸೈಕಲ್ ಸಂಘದೋರು ಸೇರ್ಕೊಂಡು ರೋಡ್ ಸುಧಾರಣೆಗೆ ಅಂತಾನೇ ಒಂದು ಸಂಸ್ಥೆ ಕಟ್ಟಿ, ರೋಡ್ ರಿಪೇರಿ ಹೆಂಗೆ ಮಾಡ್ಬೇಕು ಅಂತ ಪುಸ್ತಿಕೆ ಅಚ್ಚು ಹಾಕ್ಸಿ ಹಂಚಿದ್ರು. 1888ರಲ್ಲಿ ಕಾನೂನೇ ಬಂತು, ಸೈಕಲ್ಲೂ ಒಂದು ಗಾಡಿ, ಗಾಡಿಗಿರೋ ಹಕ್ಕೇ ಅದಕ್ಕೂ ಅಂತ. ಕಾರು ಆಮೇಲೆ ಬಂದು ಎಲ್ಲ ತಂದೇ ಅನ್ನಂಗೆ ಕೂತ್ಕೊಂತು. ಡೇಂಜರ್ ಇಳಿಜಾರಿಗೆಲ್ಲ ಬೋರ್ಡ್ ಹಾಕಿದೋರೂ ಇವರೇ, ಟೂರ್ ಹೋಗೋ ಸದಸ್ಯರು ಉಳ್ಕೊಳಕ್ಕೆ ಒಳ್ಳೆ ಜಾಗ ಅಂತ ಗುರ್ತಿಗೆ ಹೋಟೆಲ್ ಗೋಡೆಗೆ ರೆಕ್ಕೆ ಇರೋ ಚಕ್ರದ ಎರಕದ ಬಿಲ್ಲೆ ಹೊಡೆಸ್ತಿದ್ರು, ಹಳೇ ಕಟ್ಟಡಗಳಲ್ಲಿ ಈಗ್ಲೂ ಅಪರೂಪಕ್ಕೆ ಕಾಣುತ್ತೆ.

ಹೊಸಬರಿಗೆ ನಾನು ಹೇಳೋದು ಮೊದಲು ಹಳೇ ರೈಲ್ವೆ ದಾರಿ ಹಿಡೀರಿ ಅಂತ. ನಾರ್ವಿಚ್ಚಿಂದ ಏಲ್ಶಮ್ ಅನ್ನೋ ಊರಿಗೆ ಮ್ಯಾರಿಯಟ್ಸ್ ವೇ ಅಂತ 26 ಮೈಲಿ, ನಮ್ಮ ಲೆಕ್ಕದಲ್ಲಿ 42 ಕಿಲೋಮೀಟರ್, ಹಳಿ ಕಿತ್ತು ಮಾಡಿದ ದಾರಿ. ಕಾರಿಲ್ಲ, ಲಾರಿ ಇಲ್ಲ. ರೈಲಿಗೆ ಅಂತ ಕಟ್ಟಿದ್ದಾದ್ರಿಂದ ಏರು ಗೊತ್ತೇ ಆಗಲ್ಲ, ಮೂರು ಗೇರೂ ಬೇಕಿಲ್ಲ. ಮ್ಯಾರಿಯಟ್ ಅಂದ್ರೆ ಹೋಟೆಲ್ ಅನ್ಕೋಬೇಡಿ, ಆ ರೈಲ್ವೆ ಕಂಪನಿಯ ಇಂಜಿನಿಯರು ವಿಲಿಯಂ ಮ್ಯಾರಿಯಟ್, ಕಾಂಕ್ರೀಟಲ್ಲಿ ಬೇಲಿ ಕಂಬ ಸಿಗ್ನಲ್ ಕಂಬ ಎಲ್ಲ ಅಚ್ಚು ಹಾಕ್ಸಿದ ಆಸಾಮಿ. ಬ್ರಿಟನ್ನಲ್ಲಿ ರೈಲು ಮಾರ್ಗ ಮುಚ್ಚಿದ ಮಾತು ಬಂದ್ರೆ ಎಲ್ಲರೂ ನಷ್ಟದ ಲೈನೆಲ್ಲ ಮುಚ್ಚಿ ಅಂದ 1963ರ ಬೀಚಿಂಗ್ ವರದಿನೇ ಬೈತಾರೆ, ಆದ್ರೆ ಇಲ್ಲಿನ ಬಹುಪಾಲು ಲೈನು ಅದಕ್ಕೂ ಮುಂಚೆನೇ, 1959ರಲ್ಲೇ ಮುಚ್ಚೋಗಿತ್ತು. ಒಂದು ಕಡೆ ಮಾತ್ರ ಕಾಂಕ್ರೀಟ್ ಸಾಮಾನು ಸಾಗಿಸೋ ಗೂಡ್ಸ್ ಗಾಡಿ 1985ರವರೆಗೂ ಓಡ್ತಿತ್ತು, ಅದಕ್ಕೋಸ್ಕರ 1960ರಲ್ಲಿ ಎರಡು ಲೈನ್ ಸೇರಿಸೋ ಒಂದು ಕರ್ವ್ ಹಾಕಿದ್ರು, ಥೆಮಲ್‌ಥಾರ್ಪ್ ಅಂತ ಜಾಗ. ಮ್ಯಾಪಲ್ಲಿ ನೋಡಿದ್ರೆ ದಾರಿ ಸುಮ್‌ಸುಮ್ನೆ ಪಶ್ಚಿಮಕ್ಕೆ ಹೋಗಿ ಬಳಸ್ಕೊಂಡು ವಾಪಸ್ ಬರುತ್ತೆ, ಅವಸರ ಇರೋರು ಅಡ್ಡದಾರಿಲಿ ಹೋಗ್ಬಿಡ್ತಾರೆ. ನಾನಂತೂ ಬಳಸ್ಕೊಂಡೇ ಹೋಗೋದು, ಕರ್ವ್ ಮೇಲೆ ಸೈಕಲ್ ಹೊಡೀತಾ ರೇಡಿಯಸ್ ಎಷ್ಟಿರ್ಬೋದು ಅಂತ ಲೆಕ್ಕ ಹಾಕೋದ್ರಲ್ಲಿ ಒಂದು ಖುಷಿ ಇದೆ, ನಮ್ಮನೆಯವರಿಗೆ ಅದು ಅರ್ಥ ಆಗಲ್ಲ. ಮಳೆ ಬಂದ ಮಾರನೇ ದಿನ ಕೆಲವು ಕಡೆ ಕೆಸರು, ಮಡ್‌ಗಾರ್ಡ್ ಇಲ್ಲದ ಸೈಕಲ್ ಆದ್ರೆ ಬೆನ್ನೆಲ್ಲ ರಾಡಿ.

ದೇಶದ ಉದ್ದಗಲಕ್ಕೂ ಇಂಥ ದಾರಿಗಳಿವೆ, ನ್ಯಾಷನಲ್ ಸೈಕಲ್ ನೆಟ್‌ವರ್ಕ್ ಅಂತ ನಂಬರ್ ಹಾಕಿರ್ತಾರೆ. ಸರ್ಕಾರ ಮಾಡಿದ್ದಲ್ಲ ಅದು. 1977ರಲ್ಲಿ ಬ್ರಿಸ್ಟಲ್ಲಲ್ಲಿ ಒಂದಷ್ಟು ಜನ ಸೇರ್ಕೊಂಡು ಶುರು ಮಾಡಿದ ಗುಂಪು, ಬ್ರಿಸ್ಟಲ್ಲಿಂದ ಬಾತ್‌ಗೆ ಬಿಟ್ಟುಬಿದ್ದಿದ್ದ ರೈಲು ದಾರಿನ ಸ್ವಯಂಸೇವಕರ ಕೈಲೇ ಸರಿ ಮಾಡಿಸಿ ಸೈಕಲ್ ದಾರಿ ಮಾಡಿದ್ರು, ಆಮೇಲೆ ಸಸ್‌ಟ್ರಾನ್ಸ್ ಅಂತ ಆಗಿ ಲಾಟರಿ ಫಂಡ್ ದುಡ್ಡು ಸಿಕ್ಕಿ ದೇಶ ಪೂರ್ತಿ ಹರಡಿದ್ದು. ಮಗ ಬಾತ್ ಬ್ರಿಸ್ಟಲ್ ಕಡೆ ಇದ್ರೆ ನಿಮಗೆ ಅದೇ ದಾರಿ, 13 ಮೈಲಿ.

ಕೈಗೆ ಧೈರ್ಯ ಬಂದ್ಮೇಲೆ ಹಳ್ಳಿ ರೋಡಿಗೆ ಇಳೀರಿ. ಮೊಬೈಲ್ ಮ್ಯಾಪ್ ನಂಬ್ಕೋಬೇಡಿ, ಅದು ಕಾರಿನ ಬುದ್ಧಿಲಿ ದಾರಿ ತೋರ್ಸುತ್ತೆ, ಸಿಗ್ನಲ್ಲೂ ಎಷ್ಟೋ ಹಳ್ಳಿಲಿ ಇರಲ್ಲ. ಆರ್ಡನೆನ್ಸ್ ಸರ್ವೆ ಅಂತ, 1791ರಿಂದ ಇರೋ ಸಂಸ್ಥೆ, ಅವರ ಗುಲಾಬಿ ರಟ್ಟಿನ ಲ್ಯಾಂಡ್‌ರೇಂಜರ್ ಮ್ಯಾಪ್ ಒಂದು ತಗೊಳಿ, 1:50,000 ಸ್ಕೇಲು, ಎರಡು ಸೆಂಟಿಮೀಟರಿಗೆ ಒಂದು ಕಿಲೋಮೀಟರು. ನಮ್ಮ ಟೋಪೋಶೀಟ್, ಅಂದ್ರೆ ಸರ್ವೆ ಇಲಾಖೆ ಮ್ಯಾಪಿನ ಸ್ಕೇಲೇ, ಸರ್ವಿಸಲ್ಲಿದ್ದಾಗ ಅದು ಆಫೀಸ್ ಬೀರುವಿಂದ ಆಚೆ ಬರಕ್ಕೆ ಸಾಹೇಬರ ಸೈನ್ ಬೇಕಿತ್ತು, ಅಲ್ಲಿ ಪುಸ್ತಕದಂಗಡಿಲಿ ಯಾರು ಬೇಕಾದ್ರೂ ಕೊಂಡ್ಕೊಬೋದು. ನಾರ್ವಿಚ್ ಕಡೆಗೆ 133, 134 ನಂಬರ್ ಶೀಟು. ಅದ್ರಲ್ಲಿ ಕೆಂಪು ಹಸಿರು ರೋಡ್ ಬಿಟ್ಬಿಡಿ, ಹಳದಿ ಬಣ್ಣದ್ದು ಹಿಡೀರಿ, ಹಳದಿಲೂ ಸಣ್ಣ ಗೆರೆ ಅಂದ್ರೆ ನಾಲ್ಕು ಮೀಟರಿಗಿಂತ ಕಮ್ಮಿ ಅಗಲದ್ದು, ಅದೇ ನಿಮ್ಮ ರೋಡು. ರೋಡ್ ಮೇಲೆ ಬಾಣದ ತುದಿ ಥರ ಗುರುತು ಇದ್ರೆ ಕಡಿದಾದ ಏರು, ಎರಡು ಬಾಣ ಇದ್ರೆ ಇಳಿದು ತಳ್ಳೋದೇ, ಆದ್ರೆ ನಾರ್ಫಕಲ್ಲಿ ಅದು ಸಿಗೋದು ಅಪರೂಪ.

ನಂಗೆ ತುಂಬ ಇಷ್ಟವಾದ ಸುತ್ತು ರೀಫಮ್, ಸಾಲ್, ಹೇಡನ್, ಕಾಸ್ಟನ್. ಒಂದು ಊರಿಗೂ ಇನ್ನೊಂದಕ್ಕೂ ಎರಡು ಮೂರು ಮೈಲಿ ಅಷ್ಟೇ. ರೀಫಮಲ್ಲಿ ಒಂದೇ ಕಾಂಪೌಂಡಲ್ಲಿ ಮೂರು ಚರ್ಚು, ಮೂರು ಊರಿನ ಗಡಿ ಅಲ್ಲಿ ಸೇರ್ತಿತ್ತಂತೆ, ಒಂದು ಯಾವ ಕಾಲದಲ್ಲೋ ಸುಟ್ಟೋಗಿ ಗೋಡೆ ತುಂಡು ಮಾತ್ರ ಉಳ್ಕೊಂಡಿದೆ. ಅಲ್ಲಿಂದ ಸಾಲ್ ಕಡೆ ಹೊರಟ್ರೆ ಎರಡೂ ಕಡೆ ಬಾರ್ಲಿ, ಶುಗರ್ ಬೀಟ್ ಅಂತ ಸಕ್ಕರೆ ತೆಗೆಯೋ ಗೆಡ್ಡೆ ಬೆಳೆ, ಒಂದೊಂದು ಹೊಲದಲ್ಲಿ ನೂರಾರು ಹಂದಿ, ತಗಡಿನ ಗೂಡು ಸಾಲಾಗಿ ಇಟ್ಟಿರ್ತಾರೆ, ವಾಸನೆ ಮುಂಚೆನೇ ಬರುತ್ತೆ ಗಾಬರಿ ಆಗ್ಬೇಡಿ. ಆ ಬಯಲಿನ ನಡುವೆ ದೂರದಿಂದಾನೇ ಒಂದು ಗೋಪುರ ಕಾಣುತ್ತೆ, ಹತ್ರ ಹೋದ್ರೆ ದೊಡ್ಡ ಪಟ್ಟಣದಲ್ಲಿ ಇರ್ಬೇಕಾದಂಥ ಚರ್ಚು, ಸುತ್ತ ಮನೆನೇ ಇಲ್ಲ ಅನ್ಬೋದು, ಅಲ್ಲೊಂದು ಇಲ್ಲೊಂದು. ಹದಿನೈದನೇ ಶತಮಾನದಲ್ಲಿ ಬಟ್ಟೆ ವ್ಯಾಪಾರದಲ್ಲಿ ದುಡ್ಡು ಮಾಡ್ಕೊಂಡೋರು ಕಟ್ಟಿಸಿದ್ದು. ನಾನು ಹೋದಾಗೆಲ್ಲ ಬಾಗಿಲು ತೆಗೆದೇ ಇತ್ತು, ಒಳಗೆ ಒಂದು ನರಪಿಳ್ಳೆ ಇರ್ಲಿಲ್ಲ, ಬಾಗಿಲು ಮುಚ್ಕೊಳಿ ಇಲ್ಲಾಂದ್ರೆ ಹಕ್ಕಿ ಒಳಗೆ ಬರುತ್ತೆ ಅಂತ ಒಂದು ಚೀಟಿ. ಕಾಸ್ಟನ್ ಚರ್ಚಲ್ಲಿ ಮಾತ್ರ ತಲೆ ಎತ್ತಿ ನೋಡ್ಬೇಕು, ಸೂರಿನ ಮರದ ತೊಲೆ ತುದಿಲೆಲ್ಲ ರೆಕ್ಕೆ ಬಿಚ್ಕೊಂಡು ನಿಂತ ದೇವದೂತರು, ಮರದಲ್ಲೇ ಕೆತ್ತಿದ್ದು, ಕತ್ತು ನೋಯೋವರೆಗೂ ನೋಡಿದ್ದೀನಿ.

ನಾರ್ಫಕಲ್ಲಿ ಇಂಥ ಹಳೇ ಕಾಲದ ಚರ್ಚು ಆರುನೂರಕ್ಕೂ ಹೆಚ್ಚಿವೆ, ಅದ್ರಲ್ಲಿ ನೂರಿಪ್ಪತ್ತಕ್ಕಿಂತ ಹೆಚ್ಚಿಗೆ ಗೋಪುರ ದುಂಡಗೆ. ಆ ಸೀಮೆಲಿ ಕಟ್ಟಡಕ್ಕೆ ಆಗೋ ಕಲ್ಲು ಸಿಗಲ್ಲ, ಇರೋದು ಮುಷ್ಟಿಗಾತ್ರದ ಚಕಮಕಿ ಕಲ್ಲು, ಅದನ್ನ ಗಾರೆಲಿ ಕೂರಿಸಿ ಗೋಡೆ ಎಬ್ಬಿಸ್ಬೋದು ಆದ್ರೆ ಮೂಲೆ ನಿಲ್ಸಕ್ಕೆ ಕೆತ್ತಿದ ಕಲ್ಲು ಬೇಕಲ್ಲ, ಅದಕ್ಕೇ ಮೂಲೆನೇ ಇಲ್ಲದಂಗೆ ಕಟ್ಟಿದ್ರು ಅಂತ ಕೆಲವರ ವಾದ. ಪಂಡಿತರು ಒಪ್ಪಲ್ವಂತೆ. ಮೂಲೆಗಲ್ಲು ಹುಡ್ಕಿ ಹುಡ್ಕಿ ಸುಸ್ತಾದೋನು ನಾನು, ನಂಗಂತೂ ಆ ವಾದನೇ ಸರಿ ಅನ್ಸುತ್ತೆ.

ಹೇಡನ್ ಬೇರೆನೇ ಥರ. ಊರಿಗೆ ಹೋಗೋ ರೋಡೇ ಬರೋ ರೋಡು, ಆಚೆ ದಾರಿ ಇಲ್ಲ, ಊರಿಗೆ ಊರೇ ಒಂದು ಮನೆತನದ ಆಸ್ತಿ. ನಡುವೆ ಹುಲ್ಲಿನ ಬಯಲು, ಸುತ್ತ ಇಟ್ಟಿಗೆ ಮನೆ, ಒಂದು ಪಬ್ಬು, ಒಂದು ಟೀ ಅಂಗಡಿ. ಹಳೇ ಕಾಲದ ಸಿನಿಮಾ ಸೀರಿಯಲ್ ತೆಗೆಯೋರು ಇಲ್ಲಿಗೆ ಬರ್ತಿರ್ತಾರಂತೆ, ಬರ್ದೇ ಏನು ಮಾಡ್ತಾರೆ. ನಾನು ಅಲ್ಲಿ ಬೆಂಚಿನ ಮೇಲೆ ಕೂತು ಬುತ್ತಿ ಬಿಚ್ಚೋದು, ಚಪಾತಿಲಿ ಬೀನ್ಸ್ ಪಲ್ಯ ಸುತ್ತಿದ್ದು, ಮಗಳಿಗೆ ಅದು ನಾಚ್ಕೆ, ಪಬ್ಬಲ್ಲಿ ತಿನ್ನಿ ಅಪ್ಪ ಅಂತಾಳೆ. ಪಬ್ಬಲ್ಲಿ ಸಸ್ಯಾಹಾರಿಗಳಿಗೂ ಏನಾದ್ರೂ ಸಿಗುತ್ತೆ, ಇಡೀ ಆಲೂಗಡ್ಡೆ ಬೇಯಿಸಿ ಸೀಳಿ ಬೀನ್ಸು ಚೀಸು ಹಾಕಿ ಕೊಡೋದು ಹೊಟ್ಟೆ ತುಂಬುತ್ತೆ, ಆದ್ರೆ ಹಳ್ಳಿ ಪಬ್ಬಲ್ಲಿ ಮಧ್ಯಾಹ್ನ ಎರಡರ ಮೇಲೆ ಅಡುಗೆಮನೆ ಮುಚ್ಬಿಡ್ತಾರೆ, ಸೋಮವಾರ ಎಷ್ಟೋ ಕಡೆ ಬಾಗಿಲೇ ತೆಗೆಯಲ್ಲ, ನಂಬ್ಕೊಂಡು ಹೋದ್ರೆ ಉಪವಾಸ. ಬುತ್ತಿ ಇರ್ಲಿ.

ರೋಡ್ ಪಕ್ಕ ರೈತರ ಗೇಟ್ ಮುಂದೆ ಸಣ್ಣ ಟೇಬಲ್ ಇಟ್ಟಿರ್ತಾರೆ. ಮೊಟ್ಟೆ, ಪ್ಲಮ್ ಹಣ್ಣು, ಜಾಮ್ ಬಾಟ್ಲಿ, ಕುಂಬಳಕಾಯಿ, ರೇಟು ಸ್ಲೇಟಲ್ಲಿ ಬರೆದಿರುತ್ತೆ. ದುಡ್ಡು ಹಾಕಕ್ಕೆ ಟೇಬಲಿಗೆ ಸ್ಕ್ರೂ ಹೊಡೆದ ಒಂದು ತಗಡಿನ ಡಬ್ಬಿ, ಮೇಲೊಂದು ಸೀಳು. ಒಂದು ಕಡೆ ಡಬ್ಬಿ ಮುಚ್ಚಳ ತುಕ್ಕು ಹಿಡಿದು ಕಿತ್ತೋಗಿ ಒಳಗಿನ ಚಿಲ್ಲರೆ ಎಲ್ಲ ಕಾಣ್ತಿತ್ತು, ಅದ್ರ ಮೇಲೆ ಗಾಳಿಗೆ ನೋಟು ಹಾರ್ದೇ ಇರ್ಲಿ ಅಂತ ಯಾರೋ ಗಿರಾಕಿನೇ ಒಂದು ಕಲ್ಲಿಟ್ಟು ಹೋಗಿದ್ರು. ಮನೇಲಿ ಯಾರೂ ಇರಲ್ಲ, ಕ್ಯಾಮೆರಾನೂ ಇರಲ್ಲ ಸಾಮಾನ್ಯ. ಚಿಲ್ಲರೆ ಪೌಂಡು ಜೇಬಲ್ಲಿಟ್ಕೊಂಡು ಹೋಗಿ, ಕಾರ್ಡ್ ಹಿಡ್ಕೊಂಡು ಹೋದ್ರೆ ಪ್ಲಮ್ ಸಿಗಲ್ಲ. ಹಂಗೇ ಕೆಂಪು ಟೆಲಿಫೋನ್ ಡಬ್ಬ, ಈಗ ಅದ್ರಲ್ಲಿ ಫೋನಿಲ್ಲ, ಒಂದು ಪೌಂಡಿಗೆ ಊರಿನೋರಿಗೇ ವಹಿಸ್ಬಿಟ್ಟಿದ್ದಾರೆ, ಒಂದೊಂದು ಊರಲ್ಲಿ ಪುಸ್ತಕ ಇಟ್ಟಿದ್ದಾರೆ, ಒಂದೊಂದರಲ್ಲಿ ಹಾರ್ಟ್ ನಿಂತ್ರೆ ಶಾಕ್ ಕೊಡೋ ಮಷಿನ್ನು.

ಪ್ರಾಣಿ ಅಂದ್ರೆ ಮೊಲ, ಫೆಸೆಂಟ್ ಅಂತ ಬಣ್ಣಬಣ್ಣದ ಕಾಡುಕೋಳಿ ಜಾತಿದು, ಬುದ್ಧಿ ಇಲ್ಲದ ಹಕ್ಕಿ, ಸೈಕಲ್ ಕೆಳಗೇ ಬರುತ್ತೆ. ಒಂದು ಸಂಜೆ ಬೇಲಿಯಿಂದ ಇಳಿದು ರೋಡ್ ದಾಟಿದ ಪ್ರಾಣಿ ನೋಡಿ ಇದು ನಮ್ಮ ಮಲೆನಾಡಿನ ಕಾಡುಕುರಿ ಅಲ್ವ ಅಂತ ನಿಂತ್ಬಿಟ್ಟೆ. ಹೌದು, ಅದ್ರ ಚೀನಾ ದಾಯಾದಿ, ಯಾರೋ ದೊಡ್ಡ ಸಾಹುಕಾರರ ಎಸ್ಟೇಟಲ್ಲಿ ತಂದು ಸಾಕಿದ್ದು ತಪ್ಪಿಸ್ಕೊಂಡು ಈಗ ದಕ್ಷಿಣ ಇಂಗ್ಲೆಂಡಲ್ಲೆಲ್ಲ ಹಬ್ಬಿದೆ.

ಈಗ ನಿಮ್ಮ ಲೇಖನದ ಒಂದು ತಪ್ಪು. ಪಬ್ಲಿಕ್ ಫುಟ್‌ಪಾತ್ ಅಂತ ಬೋರ್ಡ್ ಇರೋ ಹೊಲದ ದಾರಿಲಿ ಸೈಕಲ್ಲೂ ಓಡಿಸ್ಬೋದು ಅಂತ ಬರೆದಿದ್ದೀರಿ. ಓಡಿಸೋಹಾಗಿಲ್ಲ. ಅದು ನಡೆಯೋರಿಗೆ ಮಾತ್ರ. ಬ್ರೈಡಲ್‌ವೇ ಅಂತ ಬೇರೆ ಇದೆ, ಕುದುರೆ ದಾರಿ, ಅದ್ರಲ್ಲಿ 1968ರ ಕಾನೂನಿಂದ ಸೈಕಲ್‌ಗೂ ಹಕ್ಕಿದೆ, ಆದ್ರೆ ನಡೆಯೋರಿಗೂ ಕುದುರೆಗೂ ದಾರಿ ಬಿಡ್ಬೇಕು. ಹಳದಿ ಬಾಣ ನಡೆಯೋದು, ನೀಲಿ ಬಾಣ ಕುದುರೆ ದಾರಿ. ಕುದುರೆ ಹಿಂದಿನಿಂದ ಹೋಗೋವಾಗ ಬೆಲ್ ಹೊಡಿಯೋದಕ್ಕಿಂತ ದೂರದಿಂದಾನೇ ಹಲೋ ಅಂತ ಬಾಯಲ್ಲಿ ಹೇಳಿ, ಕುದುರೆ ಬೆದರಲ್ಲ, ಮೇಲೆ ಕೂತಿರೋರೂ ಖುಷಿಲಿ ಮಾತಾಡಿಸ್ತಾರೆ. ಪೇಟೆಲಿ ರೋಡ್ ಪಕ್ಕದ ಫುಟ್‌ಪಾತ್ ಮೇಲೆ ಸೈಕಲ್ ಹೊಡಿಯೋದೂ ಕಾನೂನು ಪ್ರಕಾರ ತಪ್ಪೇ. ಇದನ್ನ ದಯವಿಟ್ಟು ತಿದ್ದಿ ಹಾಕಿ, ಓದಿ ಹೋದೋರು ರೈತರ ಕೈಲಿ ಬೈಸ್ಕೋತಾರೆ.

ಎಲ್ಲ ಚೆನ್ನಾಗಿದೆ ಅಂತ ಹೇಳಿ ಮೋಸ ಮಾಡಲ್ಲ. ನಂಗೆ ಇವತ್ತಿಗೂ ಸಿಟ್ಟು ಬರೋದು ಸ್ಪೀಡ್ ವಿಷಯದಲ್ಲಿ. ಒಂದು ಕಾರು ಅಗಲದ ಆ ರೋಡಲ್ಲಿ, ಬೇಲಿ ತಿರುವಲ್ಲಿ ಮುಂದೇನಿದೆ ಕಾಣಲ್ಲ, ಅಲ್ಲೂ ಕಾನೂನಿನ ಪ್ರಕಾರ ಗಂಟೆಗೆ 60 ಮೈಲಿ, ಅಂದ್ರೆ 96 ಕಿಲೋಮೀಟರ್ ಹೋಗ್ಬೋದು, ಬೇರೆ ಬೋರ್ಡ್ ಇಲ್ಲಾಂದ್ರೆ. ಯಾವ ಪುಣ್ಯಾತ್ಮ ಇದನ್ನ ಮಾಡಿದ್ನೋ. ಹೆಚ್ಚಿನೋರು ನಿಧಾನಕ್ಕೆ ಬರ್ತಾರೆ, ನಿಂತು ದಾರಿ ಬಿಡ್ತಾರೆ, ಕೈ ಎತ್ತಿ ಥ್ಯಾಂಕ್ಸ್ ಹೇಳ್ತಾರೆ, ಆದ್ರೆ ನೂರಕ್ಕೆ ಒಬ್ಬ ಸಾಕಲ್ಲ. 2022ರಿಂದ ಅಲ್ಲಿನ ಹೈವೇ ಕೋಡಲ್ಲಿ, ಅಂದ್ರೆ ರೋಡ್ ನಿಯಮದ ಪುಸ್ತಕದಲ್ಲಿ, ಸೈಕಲ್ ದಾಟೋವಾಗ ಕಮ್ಮಿ ಅಂದ್ರೂ ಒಂದೂವರೆ ಮೀಟರ್ ಅಂತರ ಬಿಡಿ ಅಂತ ಬರೆದಿದ್ದಾರೆ, ಅಷ್ಟು ಜಾಗ ಇಲ್ಲದ ರೋಡಲ್ಲಿ ಅವರು ಹಿಂದೇನೇ ಬರ್ಬೇಕು, ನೀವು ಗಾಬರಿಯಾಗಿ ಬೇಲಿಗೆ ನುಗ್ಬೇಡಿ, ಅಗಲ ಸಿಕ್ಕಿದ ಕಡೆ ನಿಂತು ಮುಂದೆ ಬಿಡಿ. ಬೇಲಿ ಪಕ್ಕ ನಮ್ಮ ತುರ್ಚಿ ಗಿಡದಂಥ ನೆಟಲ್ ಇರುತ್ತೆ, ಸೋಕಿದ್ರೆ ಸಂಜೆವರೆಗೂ ಕೆರ್ಕೊತಿರ್ಬೇಕು. ಕಡು ಬಣ್ಣದ ಸ್ವೆಟರ್ ಹಾಕ್ಕೊಂಡು ಹೋಗ್ಬೇಡಿ. ಹೆಲ್ಮೆಟ್ ಕಡ್ಡಾಯ ಅಲ್ಲ, ಹಾಕ್ಕೊಳಿ. ಕತ್ತಲಾದ್ಮೇಲೆ ಮುಂದೆ ಬಿಳಿ ಲೈಟು ಹಿಂದೆ ಕೆಂಪು ಲೈಟು ಕಡ್ಡಾಯ. ಟ್ರಾವೆಲ್ ಇನ್ಶೂರೆನ್ಸ್ ಮಾಡಿಸೋವಾಗ ಸೈಕಲಿಂದ ಬಿದ್ರೆ ಕವರ್ ಆಗುತ್ತಾ ಕೇಳಿ ಮಾಡಿಸಿ.

ಇನ್ನೊಂದು ಯಾರೂ ಬರೆಯದ ವಿಷಯ, ನಮ್ಮ ವಯಸ್ಸಿನೋರಿಗೆ ಮುಖ್ಯ. ಟಾಯ್ಲೆಟ್ಟು. ಹಳ್ಳಿಗಳಲ್ಲಿ ಪಬ್ಲಿಕ್ ಟಾಯ್ಲೆಟ್ ಸಿಗೋದು ಕಷ್ಟ, ಇದ್ದಿದ್ದೂ ಎಷ್ಟೋ ಮುಚ್ಚಿದ್ದಾರೆ. ಟೀ ಅಂಗಡಿಲಿ ಟೀ ಕುಡಿದು ಕೇಳೋದು, ಇಲ್ಲ ಕೆಲವು ಚರ್ಚಲ್ಲಿ ಇರುತ್ತೆ. ಮನೆ ಬಿಡೋವಾಗ ಎರಡು ಲೋಟ ಕಾಫಿ ಕುಡಿದು ಹೊರಡೋ ಅಭ್ಯಾಸ ಇರೋರು ಅದೊಂದು ಬಿಡಿ.

ದೂರ ಹೋಗ್ಬೇಕು ಅನ್ನೋರಿಗೆ ರೈಲಿದೆ. ಸೈಕಲ್‌ಗೆ ಟಿಕೆಟ್ ಇಲ್ಲ, ಆದ್ರೆ ಜಾಗ ಎರಡೋ ನಾಲ್ಕೋ ಅಷ್ಟೇ, ದೂರದ ರೈಲಿಗೆ ಮುಂಚೆನೇ ಜಾಗ ಕಾಯ್ದಿರಿಸ್ಬೇಕು. ಅಲ್ಲಿ ಗಾಳಿ ಹೆಚ್ಚಾಗಿ ನೈಋತ್ಯದಿಂದ. ಹಂಗಾಗಿ ನಾರ್ವಿಚ್ಚಿಂದ ಉತ್ತರಕ್ಕೆ ಕ್ರೋಮರ್ ಇಲ್ಲ ಶೆರಿಂಗಮ್ ಅಂತ ಸಮುದ್ರದ ಊರಿಗೆ ಗಾಳಿ ಬೆನ್ನಿಗೆ ಬಿಟ್ಕೊಂಡು ಸೈಕಲಲ್ಲಿ ಹೋಗಿ, ಸಂಜೆ ರೈಲಲ್ಲಿ ವಾಪಸ್. ಉಲ್ಟಾ ಮಾಡಿದ್ರೆ ಪೆಡ್ಲು ತುಳಿದು ತುಳಿದು ಸಾಕಾಗುತ್ತೆ. ಪಶ್ಚಿಮಕ್ಕೆ ಇನ್ನೂ ದೂರ ವಾಲ್ಸಿಂಗಮ್ ಅಂತ ಯಾತ್ರೆ ಊರಿದೆ, ಒಂದು ಮೈಲಿ ಹಿಂದೆ ಸ್ಲಿಪ್ಪರ್ ಚಾಪೆಲ್ ಅಂತ, ಅಲ್ಲಿ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಹೋಗ್ತಿದ್ರಂತೆ. ಎಂಟನೇ ಹೆನ್ರಿ ರಾಜನೂ ಹಂಗೇ ನಡ್ಕೊಂಡು ಹೋಗಿದ್ದ ಅಂತಾರೆ, ಆಮೇಲೆ 1538ರಲ್ಲಿ ವಾಲ್ಸಿಂಗಮ್ ಗುಡಿನ ಅವನ ಕಾಲದಲ್ಲೇ ಕೆಡವಿ ಹಾಕಿದ್ದು. ಈಗ ಮತ್ತೆ ಜನ ಹೋಗ್ತಾರೆ.

ಮಂಡಿ ನೋವು ನಮ್ಗಾಗಲ್ಲ ಅನ್ನೋರಿಗೆ ಎಲೆಕ್ಟ್ರಿಕ್ ಸೈಕಲ್ ಬಾಡಿಗೆಗೆ ಸಿಗುತ್ತೆ. 250 ವ್ಯಾಟ್ ಮೋಟಾರು, ಗಂಟೆಗೆ ಹದಿನೈದೂವರೆ ಮೈಲಿ ದಾಟಿದ್ರೆ ಮೋಟಾರ್ ತಾನೇ ನಿಲ್ಲುತ್ತೆ, ಅದಕ್ಕೆ ಲೈಸೆನ್ಸು ಟ್ಯಾಕ್ಸು ಏನೂ ಬೇಡ. ನಮ್ಮನೆಯವರು ಮೊದಲು ನಂಗೆ ಈ ವಯಸ್ಸಲ್ಲಿ ಇದೆಲ್ಲ ಯಾಕ್ರೀ ಅಂತಿದ್ರು, ಒಂದು ಸಲ ಅದ್ರ ಮೇಲೆ ಕೂತು ಏರಲ್ಲಿ ನನ್ನನ್ನ ಹಿಂದೆ ಹಾಕಿ ಹೋಗಿ ಮೇಲೆ ನಿಂತು ಬ್ಲ್ಯಾಕ್‌ಬೆರಿ ಕಿತ್ಕೊಂಡು ತಿಂತಿದ್ರು. ನಾನು ಏದುಸಿರು ಬಿಟ್ಕೊಂಡು ಹೋದ್ರೆ, ನಿಧಾನಕ್ಕೆ ಬನ್ನಿ ಹಣ್ಣು ಬೇಕಾದಷ್ಟಿದೆ ಅಂತಾರೆ.

ಹೋಗೋದಾದ್ರೆ ಮೇ ತಿಂಗಳಿಂದ ಸೆಪ್ಟೆಂಬರ್ ಒಳಗೆ ಹೋಗಿ. ಮೇ ತಿಂಗಳಲ್ಲಿ ಬೇಲಿ ಪೂರ್ತಿ ಬಿಳಿ ಹೂವು, ಜೂನಲ್ಲಿ ರಾತ್ರಿ ಒಂಬತ್ತಾದ್ರೂ ಬೆಳಕಿರುತ್ತೆ, ಊಟ ಮಾಡ್ಕೊಂಡು ಹೊರಟ್ರೂ ಒಂದು ಹಳ್ಳಿ ನೋಡ್ಕೊಂಡು ಬರ್ಬೋದು. ಆಗಸ್ಟಲ್ಲಿ ಕಟಾವು ಮಷಿನ್‌ಗಳು ಇಡೀ ರೋಡ್ ತುಂಬ್ಕೊಂಡು ಬರ್ತವೆ, ಗೇಟ್ ಒಳಗೆ ಸರ್ಕೊಳಿ. ಡಿಸೆಂಬರಲ್ಲಿ ಮಧ್ಯಾಹ್ನ ನಾಲ್ಕಕ್ಕೆ ಮುಂಚೆನೇ ಕತ್ತಲೆ, ಆಗ ಸೋಫಾನೇ ವಾಸಿ. ಇನ್ನು ಮಾರ್ಚಿಂದ ಆಗಸ್ಟ್ ಕೊನೆವರೆಗೂ ಹಕ್ಕಿ ಗೂಡು ಕಟ್ಟುತ್ತೆ ಅಂತ ಬೇಲಿ ಕಡಿಯೋಹಾಗಿಲ್ಲ, ಸೆಪ್ಟೆಂಬರ್ ಬಂತು ಅಂದ್ರೆ ಟ್ರ್ಯಾಕ್ಟರಿಗೆ ಮಷಿನ್ ಕಟ್ಕೊಂಡು ಎಲ್ಲರೂ ಶುರು ಹಚ್ಕೊತಾರೆ, ಮುಳ್ಳೆಲ್ಲ ರೋಡ್ ಮೇಲೆ. ಆವಾಗ ಹೋಗೋರು ಪ್ಯಾಚು, ಸಲ್ಯೂಷನ್ನು, ಒಂದು ಟ್ಯೂಬು ಜೊತೇಲಿಟ್ಕೊಳಿ, ಹಳ್ಳಿಲಿ ಪಂಚರ್ ಅಂಗಡಿ ಅಂತ ಇರಲ್ಲ. ಊರಿಂದ ಸೈಕಲ್ ಪಂಪ್ ತಗೊಂಡು ಹೋಗ್ಬೇಡಿ, ಅಲ್ಲಿನ ಎಷ್ಟೋ ಹೊಸ ಸೈಕಲ್‌ಗಳಿಗೆ ಪ್ರೆಸ್ಟಾ ಅಂತ ಸಣ್ಣ ವಾಲ್ವ್ ಇರುತ್ತೆ, ನಮ್ಮ ಪಂಪು ಅದಕ್ಕೆ ಕೂರ್ದೇ ಇರ್ಬೋದು.

ಇಂತಿ,
ನಿಮ್ಮ ಹಳೇ ಓದುಗ,
ತಿಪಟೂರು